ಮದುವೆಗೆ ಸರ್ಕಾರದ ಅಪ್ಪಣೆ

1979ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ರಿಟ್ ಅರ್ಜಿ ಬಂತು. ಮದುವೆಗೆ ಸಂಬಂಧಿಸಿದ ಸೇವಾ ನಿಯಮವನ್ನು ಪ್ರಶ್ನಿಸಿದ್ದ ಅರ್ಜಿ. ಹಾಕಿದವರು ಮಾತ್ರ ಮದುವೆಯೇ ಆಗದವರು. ವಯಸ್ಸು ಐವತ್ತೈದು, ಭಾರತೀಯ ವಿದೇಶಾಂಗ ಸೇವೆಯಲ್ಲಿ ಮೂವತ್ತು ವರ್ಷ ಕಳೆದಿತ್ತು. ಅಷ್ಟರಲ್ಲಾಗಲೇ ಅವರು ಪರದೇಶಗಳಲ್ಲಿ ಭಾರತದ ರಾಯಭಾರಿಯಾಗಿ ಕೂತು ಬಂದಿದ್ದರು. ಹೆಸರು ಚೋನಿರ ಬೆಳ್ಳಿಯಪ್ಪ ಮುತ್ತಮ್ಮ, ಊರು ಕೊಡಗಿನ ವಿರಾಜಪೇಟೆ. ಎದುರುವಾದಿ ಭಾರತ ಸರ್ಕಾರ, ಅಂದರೆ ಅವರಿಗೆ ಸಂಬಳ ಕೊಡುತ್ತಿದ್ದವರು.

ಆ ನಿಯಮವನ್ನು ಇವತ್ತು ಓದಿದವರಿಗೆ ಯಾರೋ ತಮಾಷೆಗೆ ಬರೆದಿರಬೇಕು ಅನ್ನಿಸಬಹುದು. 1961ರ ವಿದೇಶಾಂಗ ಸೇವೆಯ ನಡತೆ ಮತ್ತು ಶಿಸ್ತಿನ ನಿಯಮಗಳಲ್ಲಿ 8(2) ಎಂಬುದೊಂದಿತ್ತು. ಸೇವೆಯಲ್ಲಿರುವ ಮಹಿಳೆ ಮದುವೆಯಾಗುವ ಮೊದಲು ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಆಕೆಯ ಮನೆವಾರ್ತೆಯ ಹೊಣೆ ಕೆಲಸಕ್ಕೆ ಅಡ್ಡ ಬರುವ ಸಂಭವವಿದೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ನಿಜವಾಗಿ ಅಡ್ಡ ಬಂದಿರಬೇಕೆಂದೇನೂ ಇಲ್ಲ. ಅದೇ ವರ್ಷದ ನೇಮಕಾತಿ ನಿಯಮಗಳ 18(4) ಇನ್ನೂ ಖಡಕ್ಕು: ಮದುವೆಯಾದ ಹೆಂಗಸಿಗೆ ಈ ಸೇವೆಗೆ ಸೇರುವ ಹಕ್ಕೇ ಇಲ್ಲ. ಗಂಡಸರ ಸಂಸಾರದ ಬಗ್ಗೆ ಇಂಥ ಮಾತು ಎಲ್ಲೂ ಇರಲಿಲ್ಲ.

ಸರ್ಕಾರಿ ನೌಕರಿಯಲ್ಲಿ ಲಿಂಗದ ಆಧಾರದ ಮೇಲೆ ಭೇದ ಮಾಡಕೂಡದು ಎನ್ನುವ ಸಂವಿಧಾನದ 16ನೇ ವಿಧಿ ಜಾರಿಗೆ ಬಂದು ಆಗಲೇ ಹನ್ನೊಂದು ವರ್ಷವಾಗಿತ್ತು. ನಿಯಮ ಬರೆದವರು ಸಂವಿಧಾನವನ್ನು ಓದದವರೇನಲ್ಲ. ಓದಿದ್ದರು. ಅದು ಬೇರೆ, ಇದು ಬೇರೆ ಎಂದುಕೊಂಡಿದ್ದರು.

ಬ್ರಿಟಿಷರ ಕಾಲದ ಐಸಿಎಸ್‌ನಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಜಿಲ್ಲೆಯ ಕಲೆಕ್ಟರು ಅಂದರೆ ಗಂಡಸು, ಅವನ ಹೆಂಡತಿ ಅಂದರೆ ಬಂಗಲೆಯ ದೊರೆಸಾನಿ. 1946ರ ಅಕ್ಟೋಬರಿನಲ್ಲಿ ದೇಶಕ್ಕೆ ಸ್ವಂತದ ವಿದೇಶಾಂಗ ಸೇವೆಯೊಂದನ್ನು ಕಟ್ಟುವ ತೀರ್ಮಾನವಾಯಿತು. 1948ರಲ್ಲಿ ಲೋಕಸೇವಾ ಆಯೋಗದ ದೊಡ್ಡ ಪರೀಕ್ಷೆಗಳು ಹೆಂಗಸರಿಗೂ ತೆರೆದವು. ಆ ವರ್ಷವೇ ಬರೆದು ಪಾಸಾದವರು ಮುತ್ತಮ್ಮ. ವಿದೇಶಾಂಗ ಸೇವೆಯ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು.

ಅವರು ಹುಟ್ಟಿದ್ದು 1924ರ ಜನವರಿ 24ರಂದು. ಕೊಡಗು ಆಗ ಮೈಸೂರಿಗೂ ಸೇರದೆ ಮದರಾಸಿಗೂ ಸೇರದೆ ಚೀಫ್ ಕಮಿಷನರ್ ಕೈಕೆಳಗೆ ಇದ್ದ ಪುಟ್ಟ ಪ್ರಾಂತ. ತಂದೆ ಅರಣ್ಯಾಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ತಾಯಿಗೆ ನಾಲ್ಕು ಮಕ್ಕಳು, ಒಂದೇ ಹಟ: ಎಲ್ಲರೂ ಓದಬೇಕು. ಮಡಿಕೇರಿಯ ಸೇಂಟ್ ಜೋಸೆಫ್ಸ್ ಶಾಲೆ ಮುಗಿಸಿ ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿಗೆ ಹೋದ ಹುಡುಗಿ ಮೂರು ಚಿನ್ನದ ಪದಕ ತೆಗೆದುಕೊಂಡಳು. ಆಮೇಲೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಮುತ್ತಮ್ಮ ಸೇವೆಗೆ ಸೇರಿದ ವರ್ಷವೇ, 1949ರ ಜನವರಿಯಲ್ಲಿ, ಅದೇ ಕೊಡಗಿನ ಕಾರಿಯಪ್ಪನವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಕಾರಿಯಪ್ಪನವರ ವಿಷಯ ನಮ್ಮ ಶಾಲೆಯ ಪಾಠಗಳಲ್ಲಿ ಬರುತ್ತದೆ. ಮುತ್ತಮ್ಮನವರ ವಿಷಯ ಕೊಡಗಿನ ಹೊರಗೆ ಎಷ್ಟು ಜನಕ್ಕೆ ಗೊತ್ತು?

ಸಂದರ್ಶನ ಮಂಡಳಿ ಅವರನ್ನು ಸ್ವಾಗತಿಸಲಿಲ್ಲ. ವಿದೇಶಾಂಗ ಸೇವೆ ಹೆಣ್ಣುಮಕ್ಕಳಿಗೆ ಹೇಳಿಸಿದ್ದಲ್ಲ ಎಂದು ಮನಸ್ಸು ತಿರುಗಿಸಲು ನೋಡಿತು. ತಿರುಗಲಿಲ್ಲ. ಸೇರುವಾಗ ಮುಚ್ಚಳಿಕೆ ಬರೆಸಿಕೊಂಡರು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ. ಸಹಿ ಹಾಕಿದರು. ಸಹಿ ಹಾಕದೆ ಸೇವೆಗೆ ಸೇರುವ ದಾರಿಯಿರಲಿಲ್ಲ.

ಎರಡು ವರ್ಷದ ಮೇಲೆ ಇದೇ ನಾಟಕ ತಿರುಗುಮುರುಗಾಗಿ ನಡೆಯಿತು. ಕೇರಳದ ಅನ್ನಾ ರಾಜಂ ಜಾರ್ಜ್ 1951ರಲ್ಲಿ ಸಂದರ್ಶನಕ್ಕೆ ಹೋದರು. ಆಯೋಗದ ಅಧ್ಯಕ್ಷ ಆರ್.ಎನ್. ಬ್ಯಾನರ್ಜಿಯವರ ಮಂಡಳಿ, ಐಎಎಸ್ ಹೆಂಗಸರಿಗೆ ಒಗ್ಗುವುದಿಲ್ಲ, ವಿದೇಶಾಂಗ ಸೇವೆ ತೆಗೆದುಕೊಳ್ಳಿ, ನಿಮಗೆ ಅದೇ ಸರಿ ಎಂದು ಬುದ್ಧಿ ಹೇಳಿತು! ವಿದೇಶಾಂಗಕ್ಕೆ ಬಂದವಳಿಗೆ ಇದು ಬೇಡ, ಐಎಎಸ್‌ಗೆ ಬಂದವಳಿಗೆ ಅದು ಸರಿ. ಎಲ್ಲಿ ಹೋದರೂ ಇನ್ನೊಂದು ಕಡೆಗೆ ಬೆರಳು. ಅನ್ನಾ ಒಪ್ಪದೆ ಮದರಾಸು ಕೇಡರ್ ಹಿಡಿದರು. ಮದುವೆಯಾದರೆ ಕೆಲಸ ಹೋಯಿತು ಎಂದು ನೇಮಕಾತಿ ಆದೇಶದಲ್ಲೇ ಬರೆದಿತ್ತು. ಮುಖ್ಯಮಂತ್ರಿ ರಾಜಾಜಿಯವರಿಗೂ ಹೆಣ್ಣೊಬ್ಬಳನ್ನು ಜಿಲ್ಲೆಗೆ ಕಳಿಸಲು ಮನಸ್ಸಿಲ್ಲ. ಸಚಿವಾಲಯದಲ್ಲಿ ಮೇಜು ಕುರ್ಚಿ ಕೊಡಲು ಸಿದ್ಧವಿದ್ದರು. ಕುದುರೆ ಸವಾರಿ, ಬಂದೂಕು, ಮ್ಯಾಜಿಸ್ಟ್ರೇಟನ ಕೆಲಸ ಎಲ್ಲ ಕಲಿತು ಬಂದಿದ್ದೇನೆ, ಗಂಡಸರ ಜೊತೆಗೇ ಪರೀಕ್ಷಿಸಿ ನೋಡಿ ಎಂದು ಅನ್ನಾ ವಾದಿಸಿದರು. ಕೊನೆಗೆ ಬೆಂಗಳೂರಿನ ಮಗ್ಗುಲ ಹೊಸೂರಿಗೆ ಸಬ್‌ಕಲೆಕ್ಟರಾಗಿ ಹಾಕಿದರು. ಅಲ್ಲೊಂದು ಹಳ್ಳಿಗೆ ಆರು ಆನೆ ನುಗ್ಗಿದಾಗ, ಗುಂಡು ಹಾರಿಸಿ ಎಂದವರ ಮಾತು ಕೇಳದೆ ಅವನ್ನು ಕಾಡಿಗೇ ಅಟ್ಟಿಸಿದ್ದು ಅವರ ವೃತ್ತಿಜೀವನದ ಹೆಸರಾಂತ ಪ್ರಸಂಗ. ರಾಜಾಜಿ ಮುಂದೆ ಸಾರ್ವಜನಿಕ ಸಭೆಯಲ್ಲೇ ಅವರನ್ನು ಹೊಗಳಿದರು. ಅನ್ನಾ ಕಾಲಾಂತರದಲ್ಲಿ ತಮ್ಮದೇ ಬ್ಯಾಚಿನ ಆರ್.ಎನ್. ಮಲ್ಹೋತ್ರಾ ಅವರನ್ನು ಮದುವೆಯಾದರು. ಆತ ರಿಸರ್ವ್ ಬ್ಯಾಂಕಿನ ಗವರ್ನರಾದರೆ, ಈಕೆ ಮುಂಬಯಿ ಎದುರಿನ ನ್ಹಾವಾ ಶೇವಾ ಬಂದರು ಕಟ್ಟುವ ಕೆಲಸದ ಮುಖ್ಯಸ್ಥೆಯಾದರು. ಮನೆವಾರ್ತೆ ಏನಾಯಿತೋ ಗೊತ್ತಿಲ್ಲ, ಬಂದರಂತೂ ಎದ್ದು ನಿಂತಿತು.

ಐಎಎಸ್‌ಗೂ 1954ರ ನೇಮಕಾತಿ ನಿಯಮಗಳಲ್ಲಿ ಇಂಥದೇ ಮಾತು ಸೇರಿಕೊಂಡಿತು: ವಿವಾಹಿತೆಗೆ ನೇಮಕದ ಹಕ್ಕಿಲ್ಲ, ಸೇರಿದ ಮೇಲೆ ಮದುವೆಯಾದವಳಿಂದ ಸೇವೆಯ ದಕ್ಷತೆಯ ದೃಷ್ಟಿಯಿಂದ ರಾಜೀನಾಮೆ ಕೇಳಬಹುದು. ಏಳು ವರ್ಷದ ಮೇಲೆ ವಿದೇಶಾಂಗ ಸೇವೆಯ ನಿಯಮಗಳು ಇದನ್ನೇ ಹೆಚ್ಚುಕಡಿಮೆ ನಕಲು ಮಾಡಿದವು. 1961ರಲ್ಲಿ ವಿದೇಶಾಂಗ ಇಲಾಖೆಯ ಉಪಸಚಿವೆ ಯಾರು ಗೊತ್ತೆ? ಲಕ್ಷ್ಮೀ ಎನ್. ಮೆನನ್. ಮದುವೆಯಾಗಿದ್ದವರು. ಮಾಸ್ಕೋ, ವಾಷಿಂಗ್ಟನ್, ಲಂಡನ್ನುಗಳಲ್ಲಿ ಭಾರತದ ಪ್ರತಿನಿಧಿಯಾಗಿ ಹೆಸರು ಮಾಡಿದ್ದ ವಿಜಯಲಕ್ಷ್ಮೀ ಪಂಡಿತರು ಮೂರು ಹೆಣ್ಣುಮಕ್ಕಳ ತಾಯಿ. 1967ರಿಂದ ಒಂದೂವರೆ ವರ್ಷ ವಿದೇಶಾಂಗ ಖಾತೆಯನ್ನು ತಮ್ಮಲ್ಲೇ ಇಟ್ಟುಕೊಂಡಿದ್ದ ಪ್ರಧಾನಿ ಇಂದಿರಾ ಗಾಂಧಿ ಇಬ್ಬರು ಮಕ್ಕಳ ತಾಯಿ. ಇಲಾಖೆಯನ್ನು ಆಳಲು, ರಾಯಭಾರಿಯಾಗಲು ಮದುವೆ ಅಡ್ಡಿಯಾಗಲಿಲ್ಲ. ಅದೇ ಇಲಾಖೆಯಲ್ಲಿ ಪರೀಕ್ಷೆ ಬರೆದು ಕೆಳಗಿನಿಂದ ಹತ್ತಿ ಬರುವವಳಿಗೆ ಮಾತ್ರ ಅಡ್ಡಿ. ದೊಡ್ಡ ಮನೆತನದವರನ್ನು ಗೌರವದಿಂದ ಮೇಲೆ ಕೂರಿಸುವುದಕ್ಕೂ, ಒಬ್ಬ ಸಾಮಾನ್ಯ ಅರಣ್ಯಾಧಿಕಾರಿಯ ಮಗಳು ಸರದಿಯ ಪ್ರಕಾರ ತಮ್ಮ ಮೇಲಧಿಕಾರಿಯಾಗಿ ಬರುವುದಕ್ಕೂ ಅಂತರವಿದೆ. ಗಂಡಸರಿಗೆ ಕಷ್ಟವಾದದ್ದು ಎರಡನೆಯದು.

ಈ ನಿಯಮದ ಹಿಂದೆ ಬರೀ ಹಳೆಯ ಕಾಲದ ಬುದ್ಧಿ ಇತ್ತು ಎಂದುಕೊಂಡರೆ ಸಾಲದು. ಒಂದು ಲೆಕ್ಕಾಚಾರವೂ ಇತ್ತು ಎಂದು ನನಗೆ ಅನ್ನಿಸುತ್ತದೆ. ರಾಜತಾಂತ್ರಿಕನ ಅರ್ಧ ಕೆಲಸ ನಡೆಯುವುದು ಊಟದ ಮೇಜಿನಲ್ಲಿ. ಯಾರನ್ನು ಯಾರ ಪಕ್ಕ ಕೂರಿಸಬೇಕು, ಯಾವ ದೇಶದವರಿಗೆ ಏನು ಬಡಿಸಬೇಕು, ಬಂದ ಹೆಂಗಸರ ಜೊತೆ ಏನು ಮಾತಾಡಬೇಕು, ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅಧಿಕಾರಿಯ ಹೆಂಡತಿ. ಸಂಬಳವಿಲ್ಲ, ಹುದ್ದೆಯಿಲ್ಲ, ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಿ ಇನ್ನೊಂದು ದೇಶ. ಮದುವೆಯಾದ ಗಂಡಸನ್ನು ನೇಮಿಸಿಕೊಂಡರೆ ಸರ್ಕಾರಕ್ಕೆ ಒಂದು ಸಂಬಳಕ್ಕೆ ಇಬ್ಬರು ಸಿಗುತ್ತಿದ್ದರು. ಮದುವೆಯಾದ ಹೆಂಗಸನ್ನು ನೇಮಿಸಿಕೊಂಡರೆ ಅವಳ ಗಂಡ ಅಡುಗೆಯವನಿಗೆ ಪಟ್ಟಿ ಬರೆದುಕೊಟ್ಟಾನೇ? ಆ ಕಾಲದ ಯಾವ ಅಧಿಕಾರಿಯೂ ಹಾಗೆ ಕಲ್ಪಿಸಿಕೊಂಡಿರಲಾರ. ಮನೆಯ ಕೆಲಸ ಕಚೇರಿಗೆ ಅಡ್ಡ ಬರುತ್ತದೆ ಎಂದು ನಿಯಮ ಬರೆದವರು, ಕಚೇರಿಯ ಅರ್ಧ ಕೆಲಸವನ್ನು ಮನೆಯ ಹೆಂಗಸರೇ ಮಾಡುತ್ತಿದ್ದಾರೆ ಎಂಬುದನ್ನು ಕಡತದಲ್ಲಿ ಎಲ್ಲೂ ಬರೆಯಲಿಲ್ಲ.

ನಮ್ಮವರನ್ನೇ ಬೈದರೆ ಅನ್ಯಾಯವಾದೀತು. ಬ್ರಿಟನ್ನಿನ ರಾಜತಾಂತ್ರಿಕ ಸೇವೆಯಲ್ಲಿ ಮದುವೆಯಾದ ಹೆಂಗಸು ಕೆಲಸ ಬಿಡಬೇಕೆಂಬ ಕಟ್ಟಳೆ 1973ರವರೆಗೂ ಇತ್ತು. ಅಮೆರಿಕದಲ್ಲೂ ಪದ್ಧತಿ ಹೋದದ್ದು 1970ರ ದಶಕದ ಆರಂಭದಲ್ಲಿ. ನಾವು ಇಂಗ್ಲೆಂಡಿನಿಂದ ಕಚೇರಿಯ ಮೇಜು, ಕೆಂಪು ದಾರ, ರಹಸ್ಯ ವರದಿ ಎಲ್ಲವನ್ನೂ ತಂದುಕೊಂಡಂತೆ ಇದನ್ನೂ ತಂದುಕೊಂಡಿದ್ದೆವು. ಒಂದು ವಿಷಯದಲ್ಲಿ ಮಾತ್ರ ಮುಂದಿದ್ದೆವು. ಪ್ಯಾರಿಸ್, ರಂಗೂನ್, ಲಂಡನ್ನುಗಳಲ್ಲಿ ಕೆಲಸ ಮಾಡಿ, ದಿಲ್ಲಿಯಲ್ಲಿ ಪಾಕಿಸ್ತಾನದ ಕಡತಗಳನ್ನೂ ಅಮೆರಿಕದ ಕಡತಗಳನ್ನೂ ನೋಡಿದ್ದ ಮುತ್ತಮ್ಮ 1970ರಲ್ಲಿ ಹಂಗೆರಿಗೆ ರಾಯಭಾರಿಯಾಗಿ ಬುಡಾಪೆಸ್ಟಿಗೆ ಹೋದರು. ಸೇವೆಯ ಒಳಗಿನಿಂದಲೇ ಬೆಳೆದು ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ. ಬ್ರಿಟನ್ನಿನ ಮೊದಲ ರಾಯಭಾರಿಣಿ ಆನ್ ವಾರ್‌ಬರ್ಟನ್ ಡೆನ್ಮಾರ್ಕಿನಲ್ಲಿ ಅಧಿಕಾರ ವಹಿಸಿಕೊಂಡದ್ದು ಅದಾಗಿ ಆರು ವರ್ಷಕ್ಕೆ.

ಬುಡಾಪೆಸ್ಟಿನ ನಂತರ ಘಾನಾದ ಅಕ್ರಾ. ಈ ನಡುವೆ ದೇಶದಲ್ಲಿ ಗಾಳಿ ಬದಲಾಗಿತ್ತು. ಮಹಿಳೆಯರ ಸ್ಥಾನಮಾನ ಪರಿಶೀಲಿಸಲು 1971ರಲ್ಲಿ ನೇಮಕವಾದ ಸಮಿತಿ 1974ರ ಕೊನೆಗೆ ವರದಿ ಕೊಟ್ಟಿತು. ಸ್ವತಂತ್ರ ಭಾರತದ ಹೆಮ್ಮೆಗೆ ಪೆಟ್ಟು ಕೊಟ್ಟ ವರದಿ ಅದು. 1975 ಅಂತಾರಾಷ್ಟ್ರೀಯ ಮಹಿಳಾ ವರ್ಷ. ಅದೇ ವರ್ಷ ಸಮಾನ ವೇತನದ ಸುಗ್ರೀವಾಜ್ಞೆ, ಮರುವರ್ಷ ಕಾಯ್ದೆ. 1974ರಲ್ಲಿ ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟಿನ ವಿದ್ಯಾರ್ಥಿನಿ ಸುಧಾ ಕುಲಕರ್ಣಿ, ಹುಡುಗಿಯರು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಟೆಲ್ಕೊ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದ ಕತೆ ಕನ್ನಡದ ಮಕ್ಕಳಿಗೂ ಬಾಯಿಪಾಠ, ಮತ್ತೆ ಹೇಳುವುದಿಲ್ಲ. ವಿದೇಶಾಂಗ ಸೇವೆಯ 18(4)ನೇ ನಿಯಮವನ್ನು ಸರ್ಕಾರ 1973ರ ನವೆಂಬರ್ 12ರಂದು ಸದ್ದಿಲ್ಲದೆ ಕೈಬಿಟ್ಟಿತ್ತು. ಮದುವೆಗೆ ಅಪ್ಪಣೆ ಕೇಳಬೇಕೆನ್ನುವ 8(2) ಮಾತ್ರ ಹಾಗೇ ಇತ್ತು.

ಮುತ್ತಮ್ಮನವರಿಗೆ ಪೆಟ್ಟು ಬಿದ್ದದ್ದು ಆ ನಿಯಮದಿಂದಲ್ಲ. ಸೇವೆಯ ಅತ್ಯುನ್ನತ ದರ್ಜೆ ಗ್ರೇಡ್ ಒಂದಕ್ಕೆ ಬಡ್ತಿ ಕೊಡುವಾಗ ಅವರನ್ನು ಬಿಟ್ಟು ಕಿರಿಯರನ್ನು ಮೇಲಕ್ಕೆ ಕಳಿಸಿದರು. ಕೇಳಿದರೆ ಉತ್ತರ: ಪರಿಶೀಲಿಸಿದ್ದೇವೆ, ಅರ್ಹತೆ ಸಾಲದು. ಇದು ನೌಕರಿಯಲ್ಲಿರುವ ಎಲ್ಲರಿಗೂ ಗೊತ್ತಿರುವ ಸಂಕಟ. ಬಡ್ತಿ ಯಾಕೆ ಸಿಗಲಿಲ್ಲ ಎಂಬುದಕ್ಕೆ ಸಾಕ್ಷಿ ಎಲ್ಲಿ ಹುಡುಕುವುದು? ಆಯ್ಕೆ ಸಮಿತಿಯ ಕೋಣೆಯಲ್ಲಿ ಯಾರು ಏನಂದರು ಎಂಬುದು ಹೊರಗೆ ಬರುವುದಿಲ್ಲ. ರಹಸ್ಯ ವರದಿಯಲ್ಲಿ ಹೆಣ್ಣು ಎಂಬ ಕಾರಣಕ್ಕೆ ಬೇಡ ಎಂದು ಯಾವ ಮೂರ್ಖನೂ ಬರೆಯುವುದಿಲ್ಲ. ಮುತ್ತಮ್ಮನವರ ಜಾಣ್ಮೆ ಇಲ್ಲೇ ಇರುವುದು. ಕಾಣದ ಪೂರ್ವಗ್ರಹವನ್ನು ತೋರಿಸಲು ಕಾಣುವ ನಿಯಮವನ್ನು ಹಿಡಿದರು. ಇಲಾಖೆ ಹೆಂಗಸರ ಬಗ್ಗೆ ಏನು ಯೋಚಿಸುತ್ತದೆ ಎಂದು ನಾನು ಊಹಿಸಿ ಹೇಳಬೇಕಿಲ್ಲ, ಅದೇ ಅಚ್ಚು ಹಾಕಿಸಿ ಇಟ್ಟುಕೊಂಡಿದೆ, ಓದಿ ಎಂಬಂತೆ ನ್ಯಾಯಾಲಯದ ಮುಂದೆ ಇಟ್ಟರು. ಸೇರುವಾಗ ಬರೆಸಿಕೊಂಡ ಮುಚ್ಚಳಿಕೆಯ ವಿಷಯವೂ ಅರ್ಜಿಯಲ್ಲಿ ಬಂತು. ಆಯ್ಕೆ ಮಾಡುವವರಿಗೆ ಹೆಂಗಸರೆಂಬ ಇಡೀ ವರ್ಗದ ಮೇಲೇ ಅಸಡ್ಡೆ ಎಂಬ ಆರೋಪವೂ ಬಂತು. ಸೇವೆಯಲ್ಲಿದ್ದುಕೊಂಡೇ ರಾಯಭಾರಿಯೊಬ್ಬರು ಸರ್ಕಾರದ ಮೇಲೆ ನೇರ ಸುಪ್ರೀಂ ಕೋರ್ಟಿಗೆ ಹೋಗುವುದು ಅಂದಿನ ಕಾಲಕ್ಕೆ ಸಣ್ಣ ಮಾತಲ್ಲ.

ಅರ್ಜಿ ಹೋದದ್ದೇ ತಡ, ಸರ್ಕಾರಕ್ಕೆ ಅವರ ಅರ್ಹತೆ ಕಾಣಿಸತೊಡಗಿತು! ಕೆಲವೇ ತಿಂಗಳ ಹಿಂದೆ ಸಾಲದು ಎನ್ನಿಸಿಕೊಂಡಿದ್ದವರಿಗೆ ಬಡ್ತಿ ಬಂತು. ನೆದರ್ಲೆಂಡ್ಸಿನ ಹೇಗ್ ನಗರಕ್ಕೆ ರಾಯಭಾರಿಯಾಗಿ ನೇಮಕವೂ ಆಯಿತು. ವಿಚಾರಣೆ ನಡೆಯುವಾಗ ಸರ್ಕಾರದ ಪರವಾಗಿ ನ್ಯಾಯಾಲಯಕ್ಕೆ ಹೇಳಿದ್ದು ಹೀಗೆ: ಒಂದು ನಿಯಮ ಆಗಲೇ ಹೋಗಿದೆ, ಇನ್ನೊಂದೂ ಹೊರಟಿದೆ, ಗೆಜೆಟ್ಟಿನಲ್ಲಿ ಬರುವುದೊಂದೇ ಬಾಕಿ. ಬಡ್ತಿಯೂ ಸಿಕ್ಕಿತು, ನಿಯಮವೂ ಹೋಯಿತು, ಇನ್ನೇನು ವಿಚಾರಿಸುತ್ತೀರಿ?

1979ರ ಸೆಪ್ಟೆಂಬರ್ 17ರಂದು ತೀರ್ಪು ಕೊಟ್ಟ ಪೀಠದಲ್ಲಿ ಇದ್ದವರು ವಿ.ಆರ್. ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಶಿಂಘಾಲ್. ಬರೆದವರು ಕೃಷ್ಣ ಅಯ್ಯರ್. 1957ರಲ್ಲಿ ಕೇರಳದ ಮೊದಲ ಕಮ್ಯುನಿಸ್ಟ್ ಸರ್ಕಾರದಲ್ಲಿ ಸಚಿವರಾಗಿದ್ದವರು. ಇವರ ಇಂಗ್ಲಿಷ್ ಓದಲು ಪಕ್ಕದಲ್ಲಿ ನಿಘಂಟು ಇಟ್ಟುಕೊಳ್ಳಬೇಕೆಂದು ವಕೀಲರು ನಗುತ್ತಿದ್ದರು. ಕೆಲವೇ ಪುಟಗಳ ಈ ತೀರ್ಪಿನಲ್ಲೂ ಆ ಗತ್ತಿದೆ. ಹೇಗ್‌ನ ನೇಮಕವನ್ನು ಹೇಳುವಾಗ ಅದರ ಬೆಲೆ ಎಷ್ಟೋ ಅಷ್ಟು ಎಂಬರ್ಥದ ಒಂದು ಕೊಂಕು ಸೇರಿಸಿದ್ದಾರೆ. ನಿಯಮದ ವಿಷಯಕ್ಕೆ ಬಂದಾಗ ಅವರ ತರ್ಕ ಎಂಥವರಿಗೂ ಅರ್ಥವಾಗುವಂಥದು. ಹೆಣ್ಣು ಮದುವೆಯಾಗಲು ಅನುಮತಿ ಬೇಕು ಎನ್ನುವುದು ಸರ್ಕಾರಕ್ಕೆ ಅಪಾಯವಿದೆ ಎಂಬ ಕಾರಣಕ್ಕಾದರೆ, ಗಂಡು ಮದುವೆಯಾದಾಗಲೂ ಅಷ್ಟೇ ಅಪಾಯ. ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡ ಬರುವುದಾದರೆ ಗಂಡಿನ ಕೆಲಸಕ್ಕೂ ಅಡ್ಡ ಬಂದೀತು. ಕುಟುಂಬಗಳು ಚಿಕ್ಕದಾಗುತ್ತಿರುವ, ಖಂಡಾಂತರ ಮದುವೆಗಳು ನಡೆಯುತ್ತಿರುವ ಕಾಲದಲ್ಲಿ ಹೆಂಗಸರ ಮೇಲೆ ಮಾತ್ರ ಈ ಬತ್ತಲೆ ಪಕ್ಷಪಾತವೇಕೆ ಎಂದು ಕೇಳಿದರು. ದೇಶದ ಸ್ವಾತಂತ್ರ್ಯದ ಹೋರಾಟ ಹೆಣ್ಣಿನ ದಾಸ್ಯದ ವಿರುದ್ಧದ ಹೋರಾಟವೂ ಆಗಿತ್ತು ಎಂಬುದನ್ನು ಮರೆತರು ಎಂಬ ಧಾಟಿಯ ಮಾತೂ ಅಲ್ಲಿದೆ.

ಇಷ್ಟೆಲ್ಲ ಹೇಳಿ ಕೊನೆಗೆ ಅರ್ಜಿಯನ್ನು ವಜಾ ಮಾಡಿದರು. ಅರ್ಜಿ ವಜಾ, ಸಮಸ್ಯೆ ವಜಾ ಅಲ್ಲ ಎಂದು ಅವರೇ ಬರೆದರು. ಬಡ್ತಿ ತಡವಾದ ತಿಂಗಳುಗಳಲ್ಲಿ ಮುಂದೆ ಹೋದ ಕಿರಿಯರ ಎದುರು ಮುತ್ತಮ್ಮನವರ ಹಿರಿತನವನ್ನು ಮರುಪರಿಶೀಲಿಸಬೇಕೆಂದು ಸರ್ಕಾರಕ್ಕೆ ಹೇಳಿದರು. ಇನ್ನೊಂದು ಮಾತನ್ನೂ ಸೇರಿಸಿದರು: ಯಾರಾದರೂ ಕೋರ್ಟಿಗೆ ಬರಲಿ ಎಂದು ಕಾಯದೆ, ಎಲ್ಲ ಸೇವಾ ನಿಯಮಗಳನ್ನೂ ತಾವಾಗಿಯೇ ಜಾಲಾಡಿ ಹೆಣ್ಣು ಗಂಡು ಎಂಬ ಭೇದದ ಕಲೆಯನ್ನು ತೊಳೆಯಬೇಕು.

ಈ ತೀರ್ಪನ್ನು ಹೊಗಳುವವರು ಬಿಟ್ಟುಬಿಡುವ ಒಂದು ವಾಕ್ಯವಿದೆ. ಎಲ್ಲ ಕೆಲಸಗಳಲ್ಲೂ ಎಲ್ಲ ಸಂದರ್ಭಗಳಲ್ಲೂ ಗಂಡು ಹೆಣ್ಣು ಸಮ ಎಂದು ನಾವು ಸಾರುತ್ತಿಲ್ಲ, ಕೆಲವು ಉದ್ಯೋಗಗಳ ಸ್ವರೂಪ ನೋಡಿ ವ್ಯತ್ಯಾಸ ಮಾಡಬೇಕಾಗಬಹುದು ಎಂದು ಕೃಷ್ಣ ಅಯ್ಯರ್ ಜೊತೆಗೇ ಬರೆದಿದ್ದರು. ಬಹುಶಃ ಎಚ್ಚರಿಕೆಗಾಗಿ ಬರೆದದ್ದು. ಕದ ತೆರೆದವರೇ ಚಿಲಕವನ್ನೂ ಉಳಿಸಿದಂತಾಯಿತು.

ಎರಡು ವರ್ಷವೂ ಆಗಿರಲಿಲ್ಲ, ಏರ್ ಇಂಡಿಯಾದ ಗಗನಸಖಿಯರ ಪ್ರಕರಣ ಬಂತು. ನರ್ಗೇಶ್ ಮಿರ್ಜಾ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳೆಲ್ಲ ಓದುವಂಥದು. ಗಗನಸಖಿ 35ನೇ ವಯಸ್ಸಿಗೆ ನಿವೃತ್ತಿ. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಆಗಲೇ ನಿವೃತ್ತಿ. ಮೊದಲ ಬಾರಿ ಬಸಿರಾದರೆ ಆಗಲೇ ನಿವೃತ್ತಿ. ಮ್ಯಾನೇಜಿಂಗ್ ಡೈರೆಕ್ಟರ್ ಮನಸ್ಸು ಮಾಡಿದರೆ 45ರವರೆಗೆ ಮುಂದುವರಿಸಬಹುದು. ಅದೇ ವಿಮಾನದಲ್ಲಿ ಅದೇ ಟ್ರೇ ಹಿಡಿದು ಓಡಾಡುವ ಗಂಡಸು ಪರ್ಸರ್‌ಗೆ 58. 1981ರ ಆಗಸ್ಟ್ 28ರ ತೀರ್ಪಿನಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಬಸಿರಿನ ಷರತ್ತನ್ನು ಭಾರತೀಯ ಹೆಣ್ತನಕ್ಕೆ ಮಾಡಿದ ಅವಮಾನವೆಂದು ಕಿತ್ತುಹಾಕಿದರು. ಮ್ಯಾನೇಜಿಂಗ್ ಡೈರೆಕ್ಟರ್ ಮರ್ಜಿಯ ಷರತ್ತನ್ನೂ ತೆಗೆದರು. ನಾಲ್ಕು ವರ್ಷ ಮದುವೆಯಾಗಕೂಡದು ಎಂಬುದನ್ನು ಮಾತ್ರ ಎತ್ತಿಹಿಡಿದರು. ಕಾರಣಗಳು: ಹುಡುಗಿಗೆ ಪ್ರಾಯ ಬರುತ್ತದೆ, ಮದುವೆ ಗಟ್ಟಿಯಾಗುತ್ತದೆ, ಕುಟುಂಬ ಯೋಜನೆಗೂ ಅನುಕೂಲ, ಸಂಸ್ಥೆಗೆ ಹೊಸಬರನ್ನು ತರಬೇತು ಮಾಡುವ ಖರ್ಚೂ ಉಳಿಯುತ್ತದೆ. ಹುಡುಗಿಯ ಒಳಿತು ಯಾವುದರಲ್ಲಿದೆ ಎಂದು ಮೂವರು ಗಂಡಸರು ಕೂತು ತೀರ್ಮಾನಿಸಿದ ಹಾಗಾಯಿತು. ಇದಕ್ಕಿಂತ ಹದಿನಾರು ವರ್ಷ ಮೊದಲು, 1965ರಲ್ಲೇ, ಬೊಂಬಾಯಿಯ ಒಂದು ಔಷಧ ಕಂಪನಿಯ ಇಂಥದೇ ಮದುವೆ ಷರತ್ತನ್ನು ಇದೇ ಸುಪ್ರೀಂ ಕೋರ್ಟು ತಳ್ಳಿಹಾಕಿತ್ತು ಎಂಬುದನ್ನು ನೆನೆದರೆ, ನ್ಯಾಯ ನೇರ ರಸ್ತೆಯಲ್ಲಿ ಮುಂದಕ್ಕೆ ಹೋಗುತ್ತದೆ ಎನ್ನುವ ನಂಬಿಕೆ ಸ್ವಲ್ಪ ಅಲುಗುತ್ತದೆ.

ಸಂಬಳದ ಪ್ರಶ್ನೆಗೆ ಬಂದಾಗ ತೀರ್ಪು ಬರೆದವರು ನಮ್ಮ ಕಡೆಯವರು. ಮ್ಯಾಕಿನನ್ ಮೆಕೆಂಜಿ ಎಂಬ ಹಡಗು ವ್ಯಾಪಾರದ ಹಳೆಯ ಕಂಪನಿಯಲ್ಲಿ ದೊಡ್ಡ ಸಾಹೇಬರ ಬಳಿ ಇದ್ದ ಮಹಿಳಾ ಸ್ಟೆನೋಗ್ರಾಫರುಗಳಿಗೆ ಗಂಡಸು ಸ್ಟೆನೋಗಳಿಗಿಂತ ಕಮ್ಮಿ ಸಂಬಳ. ಕೇಳಿದರೆ, ಇವರದು ಬೇರೆಯೇ ವರ್ಗ, ಗೋಪ್ಯ ಕೆಲಸ. ಮೇಲಾಗಿ ಒಕ್ಕೂಟದ ಜೊತೆ ಒಪ್ಪಂದವಾಗಿದೆ. ಕಂಪನಿಯ ಕೈಯೂ ಬಿಗಿಯಿದೆ. 1987ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ ಮೂರು ಸಬೂಬುಗಳನ್ನೂ ಬದಿಗಿಟ್ಟರು. ಕೆಲಸ ಒಂದೇ ಆದಮೇಲೆ ಸಂಬಳವೂ ಒಂದೇ. ಒಪ್ಪಂದ ಕಾಯ್ದೆಗಿಂತ ದೊಡ್ಡದಲ್ಲ. ನಷ್ಟವಿದೆ ಎಂದು ಹೆಂಗಸರ ಸಂಬಳ ಕತ್ತರಿಸಲು ಕಾಯ್ದೆಯಲ್ಲಿ ಜಾಗವಿಲ್ಲ. ವೆಂಕಟರಾಮಯ್ಯನವರು ಪಾಂಡವಪುರ ತಾಲ್ಲೂಕಿನ ಎಂಗಲಗುಪ್ಪೆಯವರು, ಹುಟ್ಟಿದ್ದು ಮುತ್ತಮ್ಮ ಹುಟ್ಟಿದ 1924ರಲ್ಲೇ. 1989ರಲ್ಲಿ ಮುಖ್ಯ ನ್ಯಾಯಮೂರ್ತಿಯಾದರು. ಅವರ ಮಗಳು ಬಿ.ವಿ. ನಾಗರತ್ನ 2021ರಲ್ಲಿ ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ಮುತ್ತಮ್ಮ 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಒಲೋಫ್ ಪಾಮೆ ಕಟ್ಟಿದ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದ ಸದಸ್ಯೆಯಾಗಿದ್ದರು. ಆಡಳಿತದ ಮೇಲೆ ಬರೆದ ಪ್ರಬಂಧಗಳ ಸಂಕಲನ ಬಂತು. ಕೊಡವರ ಅಡುಗೆಯ ಬಗ್ಗೆ ಗಂಗಮ್ಮ ಬೋಪಣ್ಣನವರ ಜೊತೆ ಸೇರಿ ಬರೆದ ಪುಸ್ತಕವೂ ಬಂತು. ಅಡುಗೆ ಮನೆಯ ಹೊಣೆ ಕೆಲಸಕ್ಕೆ ಅಡ್ಡಿಯಾದೀತೆಂದು ಅಂಜಿದ್ದ ಇಲಾಖೆಯ ಮಾಜಿ ರಾಯಭಾರಿ ಹಂದಿಕರಿ ಮಾಡುವುದು ಹೇಗೆಂದು ಬರೆದದ್ದನ್ನು ಓದುವಾಗ ನನಗಂತೂ ನಗು ಬರುತ್ತದೆ. 2001ರಲ್ಲಿ ಚೊಕಿಲಾ ಅಯ್ಯರ್ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು. 2009ರ ಆಗಸ್ಟ್ ಒಂದರಂದು ಆ ಕುರ್ಚಿಗೆ ಬಂದ ನಿರುಪಮಾ ರಾವ್ ಓದಿದ್ದು ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ. ಅವರ ಪತಿ ಸುಧಾಕರ ರಾವ್ ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದವರು. ಆ ವರ್ಷ ಅಕ್ಟೋಬರ್ 14ರಂದು ಮುತ್ತಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು. 2024ರಲ್ಲಿ ಕರ್ನಾಟಕದ ಮುಖ್ಯ ಕಾರ್ಯದರ್ಶಿ ರಜನೀಶ್ ಗೋಯಲ್ ನಿವೃತ್ತರಾದಾಗ ಅಧಿಕಾರ ವಹಿಸಿಕೊಂಡವರು ಶಾಲಿನಿ ರಜನೀಶ್, ಅವರ ಪತ್ನಿ. ವಿಧಾನಸೌಧದಲ್ಲಿ ಗಂಡ ಹೆಂಡತಿಗೆ ಕಡತ ಒಪ್ಪಿಸಿದ್ದನ್ನು 1954ರ ನಿಯಮ ಬರೆದವರು ಕನಸಿನಲ್ಲೂ ಕಂಡಿರಲಾರರು.

ಹಾಗೆಂದು ಆ ನಿಯಮ ಸತ್ತಿತೇ? ಸೇನೆಯಲ್ಲಿ ಮಹಿಳೆಯರಿಗೆ ಕಾಯಂ ಹುದ್ದೆ, ತುಕಡಿಗಳ ನೇತೃತ್ವ ಕೊಡುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂದಾಗ ಕೇಂದ್ರ ಸರ್ಕಾರ ಕೊಟ್ಟ ಟಿಪ್ಪಣಿಯಲ್ಲಿ ಮತ್ತೆ ಕಾಣಿಸಿಕೊಂಡದ್ದು ತಾಯ್ತನ, ಮಕ್ಕಳು, ಮನೆಯ ಹೊಣೆ. ಹಳ್ಳಿಗಾಡಿನಿಂದ ಬಂದ ಜವಾನರು ಹೆಣ್ಣಿನ ಆಜ್ಞೆ ಪಾಲಿಸಲು ಇನ್ನೂ ಮಾನಸಿಕವಾಗಿ ಸಿದ್ಧರಿಲ್ಲ ಎಂಬ ವಾದವೂ ಇತ್ತು. ಹಳ್ಳಿಯ ಗಂಡಸರ ತಲೆಯ ಮೇಲೆ ದಿಲ್ಲಿಯ ಗಂಡಸರು ಹಾಕಿದ ಹೊರೆ ಅದು. 2020ರ ಫೆಬ್ರವರಿ 17ರಂದು ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ಎಲ್ಲ ಸೇವಾ ನಿಯಮಗಳನ್ನೂ ಜಾಲಾಡಿ ಎಂದು ಕೃಷ್ಣ ಅಯ್ಯರ್ 1979ರಲ್ಲಿ ಬರೆದಾಗ, ಸೇನೆಯ ಶುಶ್ರೂಷಾ ಸೇವೆಯಲ್ಲಿ ಒಂದು ಆದೇಶ ಜಾರಿಯಲ್ಲಿತ್ತು. 1977ರ ಆದೇಶ. ಮದುವೆಯಾದ ನರ್ಸಿಂಗ್ ಅಧಿಕಾರಿಯನ್ನು ಅದೇ ಕಾರಣಕ್ಕೆ ಸೇವೆಯಿಂದ ತೆಗೆಯಬಹುದಿತ್ತು. ಯಾರೂ ಜಾಲಾಡಲಿಲ್ಲ. ಆದೇಶ ಹಿಂದಕ್ಕೆ ಹೋದದ್ದು 1995ರಲ್ಲಿ. ಅಷ್ಟರೊಳಗೆ, 1988ರಲ್ಲಿ, ಲೆಫ್ಟಿನೆಂಟ್ ಆಗಿದ್ದ ಒಬ್ಬ ನರ್ಸನ್ನು ಮದುವೆಯಾದ ಕಾರಣಕ್ಕೆ ಮನೆಗೆ ಕಳಿಸಿದ್ದರು. ಆಕೆ ಬಿಡಲಿಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಗೆದ್ದರು. ಸರ್ಕಾರ ಮೇಲ್ಮನವಿ ಹೋಯಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ವಜಾ ತಪ್ಪು, ಮದುವೆಯ ಕಾರಣಕ್ಕೆ ಹೆಣ್ಣನ್ನು ಕೆಲಸದಿಂದ ತೆಗೆಯುವ ನಿಯಮವೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಕೆಲಸ ಹೋಗಿ 36 ವರ್ಷವಾಗಿದ್ದರಿಂದ ಮತ್ತೆ ಸೇರಿಸಿಕೊಳ್ಳುವ ಮಾತು ಬರಲಿಲ್ಲ. ಎಂಟು ವಾರದೊಳಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶವಾಯಿತು.